ಉಲ್ಟಾ ಮಲಗಿದ ಡ್ರೈವರು

ಬೆಳಿಗ್ಗೆ ತನ್ನ ಕೋಣೆಗೆ ಬಂದವಳೇ ಅವಳು ಇಸಿಜಿ ಯಂತ್ರದ ಆರು ಲೋಹದ ಬಟ್ಟಲುಗಳನ್ನು ತೊಳೆದು, ಒರೆಸಿ, ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು. ಮೊದಲೇ ಹೆದರಿ ಬಂದವರ ಎದೆಗೆ ತಣ್ಣನೆಯ ಲೋಹ ಅಂಟಿಸಲು ಅವಳಿಗೆ ಮನಸ್ಸು ಬಾರದು. ಆಗ ಅವಳ ತುಟಿಗಳು ಮೆಲ್ಲನೆ ಅಲುಗುತ್ತಿದ್ದವು; ಏನು ಬೇಡಿಕೊಳ್ಳುತ್ತಾಳೆಂದು ಯಾರೂ ಕೇಳಿದವರಲ್ಲ. ಅಕ್ಕ ಮೊಟ್ಟೆಗೆ ಕಾವು ಕೊಡುತ್ತಿದ್ದಾಳೆ ಎಂದು ನರ್ಸು ಮಾತ್ರ ಛೇಡಿಸುತ್ತಿದ್ದಳು. ಆಸ್ಪತ್ರೆಯವರ ಬಾಯಲ್ಲಿ ಅವಳು ತಂತಿಯಕ್ಕ.

ಅವಳು ದಿನವೂ ಹತ್ತುವ ಬಸ್ಸಿನ ಡ್ರೈವರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಅವಳದು ತಡ, ಅವನದು ಅವಸರ. ಒಂದು ಮಧ್ಯಾಹ್ನ ಅವನನ್ನೇ ಇಬ್ಬರು ಹಿಡಿದು ತಂದರು. ಮೈಯೆಲ್ಲ ಬೆವರು, ಎದೆ ಅದುಮಿ ಹಿಡಿದ ಕೈ. ಗಾಬರಿಯಲ್ಲಿ ಕಾಲು ಚಾಚುವ ಕಡೆ ತಲೆಯಿಟ್ಟು ಮಲಗಿಬಿಟ್ಟ.

“ಮತ್ತೆ ಎಬ್ಬಿಸಬೇಡಕ್ಕ, ಈ ಗಾಡಿ ರಿವರ್ಸ್ ಹೋಗಲ್ಲ” ಎಂದ.

ಅವಳು ಅವಸರದಲ್ಲಿ ತಂತಿ ಕಟ್ಟಿದಳು. ಕಾಗದ ನೋಡಿದ ವೈದ್ಯರು ಹುಬ್ಬೇರಿಸಿದರು. ಮೊದಲನೇ ಗೆರೆ ಪೂರ್ತಿ ತಲೆಕೆಳಗು.

“ಇವರ ಹೃದಯ ಬಲಗಡೆಗೆ ಮನೆ ಬದಲಾಯಿಸಿದೆಯಾ?”

ತಂತಿಯಕ್ಕನ ಮುಖ ಹುಳ್ಳಗಾಯಿತು. ಎಷ್ಟೋ ವರ್ಷಗಳಿಂದ ಅವಳಿಗೆ ಕಿಟಕಿ ಕಡೆಯದೇ ಬಲಗೈ, ಅದಕ್ಕೆ ಕೆಂಪು ತಂತಿ; ಗೋಡೆ ಕಡೆಯದು ಎಡಗೈ, ಅದಕ್ಕೆ ಹಳದಿ. “ಸರ್, ನಾನು ಹಾಸಿಗೆ ನೋಡಿ ಕಟ್ಟಿದೀನಿ, ಮನುಷ್ಯನ್ನ ನೋಡಲಿಲ್ಲ.”

ಕೈಗಳ ತಂತಿ ಅದಲುಬದಲಾದರೆ ಎರಡನೇ ಮತ್ತು ಮೂರನೇ ಗೆರೆಗಳೂ ಜಾಗ ಬದಲಿಸಿಕೊಳ್ಳುತ್ತವೆ. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ಉಬ್ಬುವುದು ಅವೇ. ಯಾವುದು ಹೆಚ್ಚು ಉಬ್ಬಿದೆ ಎಂಬುದರಿಂದಲೇ ಕಟ್ಟಿಕೊಂಡ ರಕ್ತನಾಳ ಎಡದ್ದೋ ಬಲದ್ದೋ ಎಂಬ ಅಂದಾಜು. ಎರಡನೇ ಗೆರೆ ಎತ್ತರವಿದ್ದ ಈ ಕಾಗದ ಎಡಕ್ಕೆ ಬೆರಳು ತೋರಿಸುತ್ತಿತ್ತು. ನಾಲಿಗೆಯಡಿ ಇಡುವ ಮಾತ್ರೆ ನರ್ಸಿನ ಕೈಯಲ್ಲಿ ಸಿದ್ಧವಾಗಿತ್ತು. ಪೆಟ್ಟು ಹೃದಯದ ಬಲಭಾಗಕ್ಕೂ ಬಿದ್ದಿದ್ದರೆ ಆ ಮಾತ್ರೆ ರಕ್ತದೊತ್ತಡವನ್ನು ಪಾತಾಳಕ್ಕೆ ಇಳಿಸಬಲ್ಲದು.

ವೈದ್ಯರು ಮಾತ್ರೆಗೆ ಕೈ ಅಡ್ಡ ಹಿಡಿದರು. ಅವಳು ತಂತಿ ಸರಿಮಾಡಿದಳು. ಈಗ ಮೂರನೇ ಗೆರೆಯೇ ಎತ್ತರ. ಅವರ ಮಾತಿನಂತೆ ಎದೆಯ ಬಲಗಡೆಗೂ ಬಟ್ಟಲಿಟ್ಟು ಇನ್ನೊಂದು ಕಾಗದ ತೆಗೆದಳು, ಅಲ್ಲೂ ಉಬ್ಬು. ಬಲದ ನಾಳವೇ, ಅದೂ ಬುಡದಲ್ಲೇ ಕಟ್ಟಿರಬೇಕು ಎಂದರು ವೈದ್ಯರು. ಮಾತ್ರೆ ಡಬ್ಬಿಗೆ ವಾಪಸಾಯಿತು, ಕೈಗೆ ಡ್ರಿಪ್ ಬಂತು, ನಾಳ ತೆರೆಯಲು ಡ್ರೈವರನ್ನು ಮೇಲಿನ ಮಹಡಿಗೆ ಒಯ್ದರು.

ಹೊಸ ಕಾಗದ ಹೇಳಿದ ಜಾಗದಲ್ಲೇ ತಡೆ ಸಿಕ್ಕಿತು, ನಾಳ ತೆರೆಯಿತು ಎಂಬ ಸುದ್ದಿ ಬರುವವರೆಗೂ ತಂತಿಯಕ್ಕ ಮೆಟ್ಟಿಲ ಬುಡದಲ್ಲಿ ನಿಂತೇ ಇದ್ದಳು. ಎಚ್ಚರವಾಗಿದ್ದ ಡ್ರೈವರು, ತನ್ನ ಬಸ್ಸು ಯಾರ ಕೈಗೆ ಕೊಟ್ಟಿರಿ ಎಂದು ಅಲ್ಲೇ ಜಗಳ ಶುರುಮಾಡಿದ್ದನಂತೆ. ಅದನ್ನು ಕೇಳಿದ ಮೇಲೆ ಅವಳ ಜೀವ ಹೂವಾಯಿತು.

ಅವಳು ಕೋಣೆಗೆ ಮರಳಿದಾಗ ನರ್ಸು ಆ ಮೊದಲ ಕಾಗದವನ್ನು ಮಡಚುತ್ತಿದ್ದಳು. ಇದನ್ನು ಕಸದ ಬುಟ್ಟಿಗೆ ಹಾಕಿಬಿಡುತ್ತೇನೆ, ಅವನೂ ಉಳಿದನಲ್ಲ, ಯಾರು ಕೇಳುತ್ತಾರೆ ಎಂದಳು.

“ಬೇಡ ಕಣೇ, ಫೈಲಿಗೇ ಸೇರಿಸು. ತಂತಿ ತಪ್ಪಾಗಿದೆ ಅಂತ ಅದರ ಮೇಲೆ ನಾನೇ ಬರೀತೀನಿ. ಇಲ್ಲದಿದ್ರೆ ನಾಳೆ ನನ್ನ ಜಾಗಕ್ಕೆ ಬರೋಳೂ ಈ ಹಾಸಿಗೇನೇ ನಂಬ್ತಾಳೆ.”