ಬಾಗಿಲು ತಟ್ಟಿ ತೆಗೀಬೇಕು

ದೆವ್ವದ ಸಿನಿಮಾ ಅಂದ್ರೆ ನಂಗೆ ಜೀವ. ಆ ಮಂಗಳವಾರ ನಮ್ಮ ಹೋಟೆಲಿಗೆ ರಜೆ. ಲಂಡನ್ನಿನ ವೆಂಬ್ಲಿಲಿ ಮಧ್ಯಾಹ್ನದ ಶೋಗೆ ಎರಡು ಟಿಕೆಟ್ ತಗೊಂಡಿದ್ದೆ. ಬರ್ತೇನೆ ಅಂದಿದ್ದ ದೋಸ್ತ ಕೈ ಕೊಟ್ಟ. ಅಕ್ಕನ್ನ ಎಳ್ಕೊಂಡು ಹೋದೆ.

ಅಕ್ಕ ಸರಿಯಾಗಿ ಹೊರಗೆ ಬಂದು ನಾಕು ತಿಂಗಳಾಗಿತ್ತು. ಭಾವ ಹಾರ್ಟ್ ಅಟ್ಯಾಕಲ್ಲಿ ಹೋದ ದಿನ ಬೆಡ್‌ರೂಮಿನ ಬಾಗಿಲು ಹೊರಗಿಂದ ಹಾಕಿದವ್ಳು ಮತ್ತೆ ತೆಗೀಲೇ ಇಲ್ಲ. ಕೆಂಟನ್ನಿನ ನಮ್ಮ ಫ್ಲಾಟಲ್ಲಿ ಇರೋದೇ ಒಂದು ಬೆಡ್‌ರೂಮು. ನಾನು ಮಲಗ್ತಿದ್ದ ಸೋಫಾ ಅವ್ಳದಾಯ್ತು, ನಾನು ನೆಲಕ್ಕೆ ಬಂದೆ. ಅವ್ಳ ಬಟ್ಟೆ ಎಲ್ಲ ಆ ರೂಮಲ್ಲೇ. ಸಿನಿಮಾಕ್ಕೂ ನನ್ನ ಜಾಕೆಟ್ ಹಾಕ್ಕೊಂಡೇ ಬಂದ್ಳು. ಹೀಗೇ ಆದ್ರೆ ಇವ್ಳೂ ಉಳಿಯಲ್ಲ ಅಂತ ನಂಗೆ ಹೆದರಿಕೆ.

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ನಾನೆಂಥ ಕತ್ತೆ ಅಂತ ಗೊತ್ತಾಯ್ತು. ಅದ್ರಲ್ಲೂ ಗಂಡ ಸಾಯ್ತಾನೆ. ಸತ್ತವ್ನು ರೂಮೊಳಗೆ ಕೂತು ಬಾಗಿಲು ಬಡೀತಾನೆ. ಹೆಂಡ್ತಿ ಅತ್ತು ಅತ್ತು ಸಾಕಾಗಿ ದೆವ್ವ ಓಡ್ಸೋರನ್ನ ಕರೆಸ್ತಾಳೆ. ಎದ್ದು ಹೋಗೋಣ್ವಾ ಅಂತ ಕೇಳಿದ್ದಕ್ಕೆ ಅಕ್ಕ ನನ್ನ ತೊಡೆಗೊಂದು ಹೊಡೆದ್ಳು.

ಎಂಥಾ ಸಿನಿಮಾ ಮಾರಾಯ್ರೆ. ಕುರ್ಚಿ ತಾನೇ ಸರೀತದೆ, ಗೋಡೆ ಉಸಿರಾಡ್ತದೆ, ನನ್ನ ಕಾಲು ಸೀಟಿನ ಮೇಲೆ ಬಂದಿತ್ತು. ಇಡೀ ಹಾಲ್ ಕಿರುಚ್ತಾ ಉಂಟು. ಅಕ್ಕ ಮಾತ್ರ ಪಾಪ್‌ಕಾರ್ನ್ ಕೆಳಗಿಟ್ಟು, ದೊಡ್ಡ ಸ್ವರದಲ್ಲಿ ಅಂದ್ಳು:

"ಎಂತ ಹೆಂಗ್ಸು ಇದು. ಸತ್ತು ನಾಕ್ ತಿಂಗ್ಳಾಯ್ತು, ಒಂದ್ ಎಲೆ ಊಟ ಬಡಿಸ್ಲಿಲ್ಲ ಅಲ್ದಾ. ಹಸಿವಾಗದೇ ಇರ್ತದಾ ಅವ್ನಿಗೆ?"

ಸಿನಿಮಾದಲ್ಲಿ ನಾಕು ತಿಂಗಳು ಅಂತ ಯಾರೂ ಹೇಳಿರ್ಲಿಲ್ಲ.

ನಮ್ಮ ಕುಂದಾಪುರದ ಕಡೆ ಸತ್ತವ್ರಿಗೆ ಬಡಿಸೋದು ಅಂತ ಉಂಟು. ಅವ್ರಿಗೆ ಇಷ್ಟ ಆದದ್ದೆಲ್ಲ ಎಲೇಲಿ ಬಡಿಸಿ, ಬಾಗಿಲು ಹಾಕಿ ಹೊರಗೆ ನಿಲ್ಲೋದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆಗೆಯೋದು. ತಟ್ಟದೆ ತೆಗೀಬಾರ್ದು, ಅವ್ರು ಉಣ್ತಿರ್ತಾರೆ. ಭಾವಂದು ಊರಲ್ಲಿ ಅವ್ರಣ್ಣ ಮಾಡಿ ಮುಗಿಸಿದ್ರು. ವೀಸಾ ತಕರಾರಲ್ಲಿ ಅಕ್ಕಂಗೆ ಹೋಗೋಕಾಗ್ಲಿಲ್ಲ.

ಸಿನಿಮಾ ಮುಗಿಯೋ ಮುಂಚೆನೇ ಎದ್ಳು. ಭಾವಂಗೆ ಇಷ್ಟದ ಬಂಗುಡೆ ಮೀನು, ತೆಂಗಿನಕಾಯಿ, ಬಾಳೆ ಎಲೆ ತಗೊಂಡ್ವಿ. ಬಸ್ಸಲ್ಲಿ ಎಲೆ ಹರೀಬಾರ್ದು ಅಂತ ನಾನು ಮಗು ಹಿಡ್ದಂಗೆ ಹಿಡ್ಕೊಂಡು ನಿಂತಿದ್ದೆ.

ಅಡಿಗೆ ಆಯ್ತು. ರೂಮೊಳಗೆ ನೀನೇ ಇಟ್ಟು ಬಾ ಅಂತ ಹೇಳಿ ಅಕ್ಕ ಗೋಡೆ ಕಡೆ ತಿರುಗಿದ್ಳು. ಬಡಿಸಿ ಬಂದು ಬಾಗಿಲು ಹಾಕ್ದೆ. ತಟ್ಟೋದು ಮಾತ್ರ ನೀನೇ ಅಂದೆ.

ಇಬ್ರೂ ಉಸಿರು ಹಿಡ್ಕೊಂಡು ನಿಂತಿದ್ದೇವೆ. ಅಷ್ಟರಲ್ಲಿ ಮೀನು ಹುರಿದ ಹೊಗೆಗೆ ಅಲಾರಂ ಕೂಗ್ತು ನೋಡಿ, ಇಬ್ರೂ ಕಿರುಚಿ ತಬ್ಕೊಂಡ್ವಿ. ಅಕ್ಕಂಗೆ ನಗು. ನಾಕು ತಿಂಗಳಾದ್ಮೇಲೆ ನಗು, ನಿಲ್ಲೋದೇ ಇಲ್ಲ. ನಗ್ತಾ ನಗ್ತಾನೇ ಮೂರು ಸಲ ಬಾಗಿಲು ತಟ್ಟಿದ್ಳು.

"ಊಟ ಆಯ್ತಾ?"

ಒಳಗೆ ಹೋದ್ಳು. ನನ್ನೆದೆ ಥಿಯೇಟರಲ್ಲೂ ಹಂಗೆ ಹೊಡ್ಕೊಂಡಿರ್ಲಿಲ್ಲ. ನಾನು ಟವೆಲ್ ಬೀಸಿ ಅಲಾರಂ ನಿಲ್ಸಿದೆ. ಆಮೇಲೆ ಸ್ವರ ಬಂತು.

"ತಮ್ಮಾ, ಬಂಗುಡೆಗೆ ಉಪ್ಪು ಕಮ್ಮಿ ಆಯ್ತು ಮಾರಾಯ. ಇವ್ರು ಹೇಳ್ಲೂ ಇಲ್ಲ."

ಒಂದೇ ಎಲೇಲಿ ಇಬ್ರೂ ಉಂಡ್ವಿ. ಅಕ್ಕ ಅಲ್ಲೇ ಮಲಗಿದ್ಳು, ಅವ್ಳದೇ ನೈಟಿ ಹಾಕ್ಕೊಂಡು. ನಂಗೆ ಸೋಫಾ ವಾಪಸ್ ಸಿಕ್ತು. ಆ ಸಿನಿಮಾದ ಕ್ಲೈಮ್ಯಾಕ್ಸ್ ಎಂತ ಅಂತ ಇನ್ನೂ ಗೊತ್ತಿಲ್ಲ.