ಜುಲಿಯಾನಾ ಕೊಟ್ಟ ಮೂರು ಡಬ್ಬಿ

ಹಳಿಯಾಳದ ಬಳಿಯ ಸಾಂಬ್ರಾಣಿ ಊರಿನ ಕಡೆ ಬೆಂಡೆ ಹೂ ಬಿಟ್ಟಿತೆಂದರೆ ಹೊಲದವರಿಗೆ ಮೊದಲು ನೆನಪಾಗುವುದು ಜುಲಿಯಾನಾ. ಔಷಧಿ ಹೊಡೆಯುವ ಪಂಪು ಆಮೇಲೆ. ಇಬ್ಬನಿಗೆ ರೆಕ್ಕೆ ತೊಯ್ದು ಹುಳ ಹಾರಲಾರದೆ ಕೂತಿರುವ ಹೊತ್ತಿಗೆ ಅವಳು ಹೊಲಕ್ಕಿಳಿಯುತ್ತಾಳೆ. ಬೆರಳಿಗೆ ಹಳೆ ಸೀರೆಯ ಚೂರು ಸುತ್ತಿಕೊಂಡು, ಹಳದಿ ಹೂವಿನೊಳಗೆ ಮಲಗಿದ ಕಪ್ಪು, ಕಿತ್ತಳೆ ಪಟ್ಟೆಯ ಹುಳವನ್ನು ಎತ್ತಿ ಸೋಪಿನ ನೀರಿನ ಬಕೆಟ್ಟಿಗೆ ಬಿಡುತ್ತಾಳೆ. ರಸ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಬೊಬ್ಬೆಹುಳ ಎನ್ನುವುದು ಅದಕ್ಕೇ. ನಾನು ಅಲ್ಲಿನ ಶಾಲೆಗೆ ಮಾಸ್ತರನಾಗಿ ಬಂದ ವರ್ಷ, ಮಂಜಿನಲ್ಲಿ ಅವಳು ಬಗ್ಗಿ ಬಗ್ಗಿ ಗುನುಗುವುದನ್ನು ಕಂಡು, ಯಾರೋ ಹೂವುಗಳ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಾರೆ ಅಂದುಕೊಂಡೆ.

"ಹಾಡಿದ್ರ ಹುಳಕ್ಕ ನಿದ್ದಿ ಹತ್ತತೈತ್ರಿ ಮಾಸ್ತರ," ಎಂದಳು. ನಂಬಿಬಿಟ್ಟೆ. ಪುಸ್ತಕ ಓದಿದವರ ಬುದ್ಧಿ ಅಷ್ಟೇ.

ಅವಳು ಸಿದ್ದಿಯರ ಮನೆಯವಳು. ಗಂಡ ಬಾಬಾಜಿ ಗೌಂಡಿ. ಊರಿನ ಅರ್ಧ ಗೋಡೆಗಳು ಅವನು ಕಟ್ಟಿದವು. ಮದುವೆಯಾಗಿ ಆರು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಜನರ ಬಾಯಿಗೆ ಬೀಗ ಹಾಕಲಾದೀತೇ? ಅವನು ಹಾದು ಹೋಗುವಾಗ ಸುಮ್ಮಸುಮ್ಮನೆ ಕೆಮ್ಮುವವರಿದ್ದರು. ಅಂಥವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಾಬಾಜಿ ಮನೆಯಲ್ಲಿ ಮಾತು ಕಡಿಮೆ ಮಾಡಿದ.

ಅದೇ ವರ್ಷ ಬೈಕಿನವನೊಬ್ಬ ಬಂದು, ಹುಳವನ್ನು ಚೆಲ್ಲಬೇಡ, ಒಣಗಿಸಿ ಕೊಡು, ಕೂದಲೆಣ್ಣೆಗೆ ಬೇಕು ಎಂದ. ಕೂದಲಿಗೆ ಯಾರು ಏನೇನು ಹಚ್ಚುತ್ತಾರೋ! ಜುಲಿಯಾನಾ ಹಂಚಿನ ಮೇಲೆ ಹರವಿ ಒಣಗಿಸಿ ಮೂರು ಡಬ್ಬಿ ತುಂಬಿ ಕೊಟ್ಟಳು. ಬಿಸಿಲಿಗೆ ಅವು ಮಣಿಸರ ಹರಿದು ಬಿದ್ದಂತೆ ಹೊಳೆಯುತ್ತಿದ್ದವಂತೆ. ಅದನ್ನು ಹೇಳುವಾಗ ಅವಳ ಕಣ್ಣು ಎಲ್ಲೋ ಹೋಗಿಬಿಡುತ್ತದೆ.

ತಿಂಗಳ ಮೇಲೆ ಒಂದು ಮುಂಜಾನೆ ಬಾಬಾಜಿ ಜೇಬಿನಿಂದ ಪೊಟ್ಟಣ ತೆಗೆದು ಹಾಲಿಗೆ ಸುರಿಯಲು ಹೊರಟಿದ್ದ. ಹಳಿಯಾಳದ ಸಂತೆಯಲ್ಲಿ ಕೊಂಡ ಬೂದು ಪುಡಿ.

"ಏನ್ರಿ ಅದು?"

"ಗಂಡಸರ ಔಷಧ. ಕೂಸು ಆಗತೈತಂತ."

ಪುಡಿಯ ನಡುವೆ ಒಂದು ಕಿತ್ತಳೆ ಚೂರು ಮಿನುಗಿತು. ತಾನೇ ಆರಿಸಿ ಒಣಗಿಸಿದ್ದು ಗುರುತು ಸಿಗದಿರುತ್ತದೆಯೇ? ಹುಳ ಕೂತ ಬೆಂಡೆಗಿಡ ಮೇಯ್ದು ಪಕ್ಕದ ಹೊಲದ ಶಾಂತಾದೇವಿಯವರ ಎಮ್ಮೆಕರು ರಕ್ತ ಉಚ್ಚೆ ಹೊಯ್ದು ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಲಿನ ಲೋಟಕ್ಕೆ ಕೈ ಅಡ್ಡ ಹಿಡಿದಳು.

"ಕುಡೀಬ್ಯಾಡ್ರಿ. ಇದು ಬೊಬ್ಬಿಹುಳ."

"ನಿನಗ ಕೂಸು ಬ್ಯಾಡೇನು?"

ಬೇಕಿತ್ತು. ಅವನಿಗಿಂತ ಹೆಚ್ಚು ಬೇಕಿತ್ತು. ಆದರೆ ಅವಳು ವಾದ ಮಾಡಲಿಲ್ಲ. ಚಿಟಿಕೆ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ತನ್ನ ಎಡತೋಳಿಗೆ ಹಚ್ಚಿ, ಬಟ್ಟೆ ಕಟ್ಟಿದಳು.

"ಸಂಜಿ ತನಕ ತಡೀರಿ. ನನ್ನ ತೊಗಲು ಸುಮ್ನಿದ್ರ, ನಾನ ಹಾಲು ಕಾಸಿ ಕೊಡ್ತೇನಿ."

ಅಂದು ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಅಂಗಳದ ಕಟ್ಟೆಯ ಮೇಲೆ ಕೂತರು. ಬಿಸಿಲು ಬಾವಿಯಿಂದ ಬೇಲಿಗೆ, ಬೇಲಿಯಿಂದ ಬೆಂಡೆ ಹೊಲಕ್ಕೆ ನಿಧಾನ ಸರಿಯಿತು. ಒಮ್ಮೆ ಅವಳಿಗೆ ಜೊಂಪು ಹತ್ತಿ, ಹೂವೊಂದರಲ್ಲಿ ಕೂಸು ಮಲಗಿದ ಹಾಗೆ ಕಂಡಿತಂತೆ. ಎತ್ತಿಕೊಳ್ಳಲು ಬೆರಳಿಗೆ ಬಟ್ಟೆ ಸುತ್ತುತ್ತಿದ್ದಳಂತೆ. ತೋಳಿನ ಉರಿಗೆ ಎಚ್ಚರವಾಯಿತು.

ಸಂಜೆ ಕಟ್ಟು ಬಿಚ್ಚಿದಾಗ ನೆಲ್ಲಿಕಾಯಿಯಷ್ಟು ದೊಡ್ಡ ಬೊಬ್ಬೆ ನೀರು ತುಂಬಿ ನಿಂತಿತ್ತು. ಬಾಬಾಜಿ ಅವಳ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದು ನನ್ನ ಹೊಟ್ಟ್ಯಾಗ ಏಳ್ತಿತ್ತು," ಎಂದು ಅತ್ತುಬಿಟ್ಟ. ಪೊಟ್ಟಣವನ್ನು ಆಳವಾಗಿ ಗುಂಡಿ ತೋಡಿ ಹೂತ. ತೋಳಿಗೆ ಪಟ್ಟಿ ಕಟ್ಟಿದ ನರ್ಸಮ್ಮ ಬೈದು ಹೇಳಿದಳಂತೆ: ಗಂಡಸರು ಶಕ್ತಿ ಅಂದುಕೊಳ್ಳುವುದು ಮೂತ್ರದ ದಾರಿ ಸುಟ್ಟ ಉರಿ, ಕಿಡ್ನಿ ಹೋಗುತ್ತದೆ, ಜೀವವೂ ಹೋಗುತ್ತದೆ, ಕೂಸು ಮಾತ್ರ ಬರುವುದಿಲ್ಲ.

ಕೂಸು ಬರಲೂ ಇಲ್ಲ. ಬೈಕಿನವನೂ ಮತ್ತೆ ಕಾಣಲಿಲ್ಲ. ಈಗ ಪ್ರತಿ ಸಂತೆಗೂ ಜುಲಿಯಾನಾ ಬೆಂಡೆಕಾಯಿ ಗುಡ್ಡೆ ಹಾಕಿಕೊಂಡು, ಎಡಗಡೆಯ ರವಿಕೆ ತೋಳು ಮೇಲೇರಿಸಿ ಕೂತಿರುತ್ತಾಳೆ. ಪುಡಿ ಮಾರುವವರ ಮುಂದೆ ಯಾರಾದರೂ ನಿಂತರೆ, "ತಮ್ಮಾ, ಇಲ್ಲಿ ಬಾ, ಇದನ್ನ ನೋಡು," ಎಂದು ಕರೆದು ಕಲೆ ತೋರಿಸುತ್ತಾಳೆ. ಕೆಲವರು ನಗುತ್ತಾರೆ. ಪುಡಿಯವರು ಬೈಯುತ್ತಾರೆ.

ಕಳೆದ ವಾರ ನಾನೂ ಕೆಣಕಿದೆ. "ಗಂಡನ್ನ ಉಳಿಸಿಕೊಂಡಿ, ಸಾಕಲ್ಲ ಜುಲಿಯಾನಾ? ಊರ ಉಸಾಬರಿ ನಿನಗ್ಯಾಕ?"

ಅವಳು ನಗಲಿಲ್ಲ. ಬೆಂಡೆಕಾಯಿಗೆ ನೀರು ಚಿಮುಕಿಸುತ್ತ ಹೇಳಿದಳು:

"ನಮ್ಮ ಮನಿಗೆ ತಿರುಗಿ ಬಂದದ್ದು ಒಂದು ಪೊಟ್ಟಣ ರೀ ಮಾಸ್ತರ. ನಾ ಕೊಟ್ಟದ್ದು ಮೂರು ಡಬ್ಬಿ."