ಉಕ್ಕಿನ ಮೇಲೆ ಬಿದ್ದ ಗುಳಿಗಳು

ಖಾನಾಪುರದ ಒಂದು ಭತ್ತದ ಗಿರಣಿಯಲ್ಲಿ ನಾನು ಮಿಸ್ತ್ರಿಯಾಗಿದ್ದುದು ೧೯೨೦ರ ದಶಕದ ನಡುವಿನ ವರ್ಷಗಳಲ್ಲಿ. ಮನೆ ಬೆಳಗಾವಿಯಲ್ಲಿ. ಸೋಮವಾರ ಬೆಳಿಗ್ಗೆ ರೈಲು ಹತ್ತಿದರೆ ಶನಿವಾರ ಸಂಜೆ ತಿರುಗಿ ಬರುತ್ತಿದ್ದೆ. ಗಿರಣಿಯ ಸಾವಕಾರರು ಅದೇ ಬೆಳಗಾವಿಯ ರವಿವಾರಪೇಟೆಯಲ್ಲಿ ಅಕ್ಕಿಯ ವ್ಯಾಪಾರ ಮಾಡುವವರು. ಹಣೆ ತುಂಬ ವಿಭೂತಿ, ಅಳೆದು ತೂಗಿದ ಮಾತು.

ಗಿರಣಿಗೆ ಉಗಿಯ ಇಂಜಿನ್ನು ಇತ್ತು. ಅದನ್ನು ಓಡಿಸುತ್ತಿದ್ದ ಡ್ರೈವರಿಗೆ ಅರವತ್ತರ ಹತ್ತಿರ ವಯಸ್ಸು. ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಇಂಜಿನ್ನಿನ ಸಿಲಿಂಡರಿನಿಂದ ಉಕ್ಕಿನ ರಾಡೊಂದು ಒಳಗೂ ಹೊರಗೂ ಆಡುತ್ತದೆ. ಅದು ಹೊರಬರುವ ಬಾಯಲ್ಲಿ ಉಗಿ ಸೋರದಂತೆ ಸುತ್ತಲೂ ಹಗ್ಗ ತುಂಬಿ ಬಿಗಿಯಬೇಕು. ಕಾಕಾ ಸೆಣಬಿನ ಹಗ್ಗಕ್ಕೆ ಔಡಲೆಣ್ಣೆ ಉಣಿಸಿ ತುಂಬುತ್ತಿದ್ದರು. ತಿಂಗಳೊಪ್ಪತ್ತಿಗೆ ಅದು ಕರಕಲಾಗುತ್ತಿತ್ತು. ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದವನು, ಹೊಸದನ್ನು ತೋರಿಸುವ ಹುರುಪು. ಮುಂಬಯಿಯಿಂದ ಬೇರೆ ಹಗ್ಗ ತರಿಸಿದೆ. ಅದರ ಎಳೆ ಎಳೆಗೂ ಗ್ರಾಫೈಟ್ ತಿಕ್ಕಿರುತ್ತಾರೆ, ಅಂದರೆ ಪೆನ್ಸಿಲಿನೊಳಗಿನ ಅದೇ ಕಪ್ಪು. ಎಣ್ಣೆ ಬೇಡ, ಉಕ್ಕು ಅದರ ಮೇಲೆ ತಾನಾಗಿ ಜಾರುತ್ತದೆ. ಆ ಬೇಸಿಗೆಯೆಲ್ಲ ರಾಡು ಕನ್ನಡಿಯಂತೆ ಹೊಳೆಯಿತು.

ಮಳೆಗಾಲಕ್ಕೆ ಗಿರಣಿ ಮುಚ್ಚುವ ದಿನ ಕಾಕಾ ಹೇಳಿದರು: "ಹಗ್ಗ ತೆಗದು ರಾಡಿಗೆ ಎಣ್ಣಿ ಬಳದು ಇಡೂಣು ತಮ್ಮಾ. ನಾ ಪ್ರತಿ ವರ್ಷ ಹಂಗ ಮಾಡ್ತೇನಿ."

"ನಿಮ್ಮ ಸೆಣಬು ಕೊಳೀತಿತ್ತು ಕಾಕಾ. ಇದು ಕೊಳಿಯೂ ಹಗ್ಗಲ್ಲ. ಇರ್ಲಿ ಬಿಡ್ರಿ."

"ಹಗ್ಗ ನೀ ತಂದಿದ್ದು, ನೀನ ನೋಡ್ಕೋ," ಎಂದು ಅವರು ಹೊರಟುಹೋದರು. ಆ ಮಾತಿನಲ್ಲಿ ಒಂದು ಕೊಂಕಿದೆ ಎಂದು ನನಗನಿಸಿತು.

ನಾಲ್ಕು ತಿಂಗಳು ಮಳೆ. ಗಿರಣಿಯ ಬೀಗದ ಕೈ ಕಾಕಾನ ಬಳಿಯೇ ಇತ್ತು. ಹಗಲೆಲ್ಲ ಅವರು ಇಂಜಿನ್ ಮನೆಗೆ ಹತ್ತಿದ ಖೋಲಿಯಲ್ಲಿ ಇರುತ್ತಿದ್ದರು. ದೀಪಾವಳಿ ಕಳೆದು ಹೊಸ ಭತ್ತ ಬಂತು, ಬಾಯ್ಲರಿಗೆ ಬೆಂಕಿ ಹಾಕಿದೆವು. ಎರಡನೆಯ ದಿನವೇ ರಾಡಿನ ಬಾಯಿಂದ ಉಗಿ ಬುಸುಗುಟ್ಟತೊಡಗಿತು. ಕಪ್ಪು ಪುಡಿ ಉದುರಿ ನೆಲದ ಮೇಲೆ ರಾಶಿಯಾಯಿತು. ಇಂಜಿನ್ ನಿಲ್ಲಿಸಿ ಬಿಚ್ಚಿದೆ. ಹಗ್ಗ ನಾರು ನಾರಾಗಿತ್ತು. ರಾಡಿನ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಗುಳಿಗಳು, ಒಂದರ ಪಕ್ಕ ಒಂದು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಆ ಗುಳಿಗಳ ಅಂಚೇ ಹಗ್ಗವನ್ನು ಹೆರೆದು ಹಾಕಿತ್ತು.

ಕಾಕಾ ಪಕ್ಕದಲ್ಲೇ ನಿಂತು ನೋಡಿದರು. ಅರಿವೆಯಿಂದ ಕೈ ಒರೆಸಿಕೊಂಡರು. ಒಳ್ಳೆಯ ಉಕ್ಕು ಬೀಗದೊಳಗೆ ಕೂತಲ್ಲೇ ಹೀಗಾಗುವುದು ಹೇಗೆ? ಬೀಗದ ಕೈ ಇದ್ದದ್ದು ಯಾರ ಬಳಿ? ಹೊಸ ಹಗ್ಗ ಸೇರದಿದ್ದುದು ಯಾರಿಗೆ? ನಾನು ಬಾಯಿಬಿಟ್ಟು ಕೇಳಲಿಲ್ಲ. ಅಂದಿನಿಂದ ಅವರ ಬೆನ್ನ ಹಿಂದೆ ಕಣ್ಣಿಟ್ಟೆ. ಅವರು ಎಣ್ಣೆಯ ಡಬ್ಬಿ ಮುಟ್ಟಿದರೆ ಆಮೇಲೆ ಹೋಗಿ ಬೆರಳು ಅದ್ದಿ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಅವರು ಸಂತೆಗೆ ಹೋದಾಗ ಖೋಲಿ ಹೊಕ್ಕು ಹುಡುಕಿದೆ. ಗೂಡಿನಲ್ಲಿ ಚೀಟಿಯಿಲ್ಲದ ಒಂದು ಬಾಟಲಿ ಸಿಕ್ಕಿತು. ಬಿರಡೆ ತೆಗೆದರೆ ಮೂಗಿಗೆ ಹೊಡೆಯುವ ಘಾಟು. ಉಕ್ಕನ್ನೂ ಕೊರೆಯುವ ತೇಜಾಬೇ ಇರಬೇಕೆಂದುಕೊಂಡೆ. ಆ ಶನಿವಾರ ಬಾಟಲಿಯನ್ನು ಸಾವಕಾರರ ಮುಂದಿಟ್ಟೆ.

"ಖರೇ ಗೊತ್ತೈತೇನು ನಿನಗ?" ಎಂದರು ಅವರು.

"ಮತ್ಯಾರು ಮಾಡ್ತಾರ್ರಿ ಸಾವಕಾರ್ರ?"

ಗೊತ್ತಿದೆ ಎಂದು ನಾನು ಹೇಳಲಿಲ್ಲ. ಆದರೂ ಅಷ್ಟೇ ಸಾಕಾಯಿತು. ಮುಂದಿನ ವಾರ ಕಾಕಾನ ಕೆಲಸ ಹೋಯಿತು. ಏನು ತಪ್ಪಾಯಿತೆಂದು ಅವರು ಕೇಳಿದರಂತೆ, ಯಾರೂ ಹೇಳಲಿಲ್ಲವಂತೆ. ನಾನು ರಾಡನ್ನು ಮರಳು ಕಾಗದದಿಂದ ಉಜ್ಜಿ ಹೊಸ ಹಗ್ಗ ತುಂಬಿದೆ. ವಾರದೊಳಗೆ ಅದೂ ಪುಡಿಯಾಯಿತು. ಈಗ ಬಾಯ್ಲರಿಗೆ ಕಟ್ಟಿಗೆ ಹಾಕುವವನ ಮೇಲೆ ನನ್ನ ಕಣ್ಣು ಬಿತ್ತು.

ಹೀಗಿರುವಾಗ ಒಂದು ರವಿವಾರ ಸಾವಕಾರರ ಮನೆಯಿಂದ ಕರೆ ಬಂತು. ಬೆಳಗಾವಿಯ ಅವರ ತೋಟದ ಬಾವಿಗೆ ಕೈಪಂಪು ಇತ್ತು. ಬೇಸಿಗೆಯಲ್ಲಿ ಅದರ ರಾಡಿಗೂ ನಾನೇ ಆ ಕಪ್ಪು ಹಗ್ಗದ ಉಳಿದ ತುಂಡು ಸುತ್ತಿದ್ದೆ. ಮಳೆಗಾಲದಲ್ಲಿ ಗಿಡಗಳಿಗೆ ನೀರು ಬೇಕಿರಲಿಲ್ಲ, ಪಂಪು ನಿಂತಲ್ಲೇ ನಿಂತಿತ್ತು. "ಹೊಡದ್ರ ನೀರೆಲ್ಲಾ ಸೀರಿ ಮ್ಯಾಲೆ ಬರ್ತೈತಿ ನೋಡಪಾ," ಎಂದರು ಸಾವಕಾರರ ಹೆಂಡತಿ.

ಬಿಚ್ಚಿ ನೋಡಿದೆ. ಅವೇ ಗುಳಿಗಳು. ಹಗ್ಗ ತಾಗಿದ್ದಲ್ಲಿ ಮಾತ್ರ, ಸುತ್ತು ಸುತ್ತಾಗಿ, ಬಳೆ ತೊಡಿಸಿದ ಹಾಗೆ. ಉಳಿದ ಕಡೆ ಬರೀ ತೆಳು ತುಕ್ಕು. ಆ ತೋಟಕ್ಕೆ ಕಾಕಾ ಒಂದು ದಿನವೂ ಕಾಲಿಟ್ಟವರಲ್ಲ.

ಆಗಲೂ ನನ್ನ ಮನಸ್ಸು ಒಪ್ಪಲಿಲ್ಲ. ಒಂದೇ ರಾಡಿನಿಂದ ಎರಡು ತುಂಡು ಕತ್ತರಿಸಿ, ಒಂದಕ್ಕೆ ಸೆಣಬು, ಇನ್ನೊಂದಕ್ಕೆ ಕಪ್ಪು ಹಗ್ಗ ಬಿಗಿದು, ನಮ್ಮ ಬಚ್ಚಲಲ್ಲಿ ಒದ್ದೆ ಗೋಣಿಯಡಿ ಇಟ್ಟೆ. ಯಾರೂ ಮುಟ್ಟಬಾರದೆಂದು ಅವ್ವನಿಗೂ ತಾಕೀತು ಮಾಡಿದೆ. ಒಂದೂವರೆ ತಿಂಗಳ ಮೇಲೆ ಬಿಚ್ಚಿದರೆ ಸೆಣಬಿನದು ತುಕ್ಕು ಹಿಡಿದಿತ್ತು, ಅಷ್ಟೇ; ಉಜ್ಜಿದರೆ ಹೋಯಿತು. ಕಪ್ಪು ಹಗ್ಗದಡಿಯ ಉಕ್ಕಿನಲ್ಲಿ ಸಣ್ಣ ಗುಳಿಗಳು ಬಿದ್ದಿದ್ದವು. ಓಡುವಾಗ ಉಕ್ಕನ್ನು ಸವೆಯಗೊಡದ ಗ್ರಾಫೈಟೇ ನೀರು ಕುಡಿದು ಅಲುಗಾಡದೆ ಕೂತರೆ ಅದನ್ನು ತಿನ್ನುತ್ತದೆ. ಅದೇಕೆ ಹಾಗೆಂದು ಆಗ ನನಗೆ ಗೊತ್ತಿರಲಿಲ್ಲ; ಒದ್ದೆಯಲ್ಲಿ ಗ್ರಾಫೈಟೂ ಉಕ್ಕೂ ಸೇರಿದರೆ ಬ್ಯಾಟರಿಯಂತಾಗಿ ಉಕ್ಕು ಕರಗುತ್ತದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಸಾವಕಾರರಿಗೆ ತುಂಡುಗಳನ್ನು ತೋರಿಸಿ ಎಲ್ಲ ಹೇಳಿದೆ.

"ಮೊದಲ ಮುದುಕ ಅಂದಿ, ಈಗ ಹಗ್ಗ ಅಂತಿ. ನಾಳೆ ಏನಂತೀಯೋ," ಎಂದರು. ಅಂದಿನಿಂದ ನಾನು ಬಿಚ್ಚಿ ಜೋಡಿಸಿದ್ದನ್ನೆಲ್ಲ ನೋಡಲು ಅವರ ಅಳಿಯ ಬರತೊಡಗಿದ.

ಕಾಕಾನ ಮನೆ ಖಾನಾಪುರದ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಆ ತುಂಡುಗಳನ್ನು ಹಿಡಿದು ಅಲ್ಲಿಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ಕೇಳಿದರು, "ಖೋಲ್ಯಾಗಿನ ಬಾಟ್ಲಿ ನೀವ ಒಯ್ದಿರೇನ್ರಿ? ಇವರ ಮೊಣಕಾಲಿಗೆ ಹಚ್ಚೂ ಔಷಧ ಅದು. ಥಂಡ್ಯಾಗ ಭಾಳ ತ್ರಾಸ ಆತು."

ನಾನು ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದೆ. ಕಾಕಾ ತುಂಡುಗಳನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದರು.

"ಹಿಂಗ ತಿಂತೈತಿ ಅಂತ ನನಗೂ ಗೊತ್ತಿರಲಿಲ್ರಿ. ಮಳಿಗಾಲದಾಗ ತೆಗೀಬೇಕು ಅನ್ನೂದಷ್ಟ ಗೊತ್ತಿತ್ತು," ಎಂದರು. ಆಮೇಲೆ, "ನೀವು ನನ್ನ ಒಂದ ಮಾತು ಯಾಕ ಕೇಳಲಿಲ್ರಿ ಮಿಸ್ತ್ರಿ?"

"ಕೆಲಸಕ್ಕ ತಿರುಗಿ ಬರ್ರಿ ಕಾಕಾ, ಸಾವಕಾರ್ರಿಗೆ ನಾ ಹೇಳ್ತೇನಿ," ಎಂದೆ.

"ಬ್ಯಾಡ್ರಿ. ಕಟಿಗಿ ಅಡ್ಡೆದಾಗ ಕೆಲಸ ಸಿಕ್ಕೈತಿ. ಅಲ್ಲಿ ನನ್ನ ಗಂಟು ಯಾರೂ ಬಿಚ್ಚಿ ನೋಡೂದಿಲ್ಲ."

ಚಹಾ ಕೊಟ್ಟರು, ಕುಡಿದೆ. ರಾಡನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಲೇಥಿಗೆ ಹಾಕಿಸಿ ಗುಳಿ ಹೋಗುವವರೆಗೆ ಹೆರೆಸಬೇಕು ಎಂದು ಹೊರಡುವಾಗ ಅವರೇ ಹೇಳಿದರು.

ಎರಡು ದಿನ ಗಿರಣಿ ನಿಲ್ಲಿಸಿ ರಾಡನ್ನು ಗೋಣಿಯಲ್ಲಿ ಸುತ್ತಿಕೊಂಡು ಬೆಳಗಾವಿಗೆ ಒಯ್ದೆ. ಲೇಥಿನವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರು ಮಾಡಿದ್ರಿ ಇದನ್ನ?"

"ನಾನ," ಎಂದೆ.

ಅವನು ನನ್ನ ಮುಖವನ್ನೊಮ್ಮೆ, ರಾಡನ್ನೊಮ್ಮೆ ನೋಡಿದ. ನಂಬಿದಂತೆ ಕಾಣಲಿಲ್ಲ.